ಅತ್ತೆಗೆ ಹಾಜರಿ

ಅತ್ತೆಗೆ ಹಾಜರಿ ಹಾಕುವ ಭಾಗ್ಯ ಈ ಲೋಕದಲ್ಲಿ ಎಷ್ಟು ಜನ ಸೊಸೆಯರಿಗೆ ಸಿಕ್ಕಿದೆಯೋ ನನಗೆ ಗೊತ್ತಿಲ್ಲ. ನನಗೆ ಸಿಕ್ಕಿದೆ, ಒಂದು ವರ್ಷ ಪೂರ್ತಿ. ಅದೂ ಎಂಥ ವಿದ್ಯಾರ್ಥಿನಿ ಅಂತೀರಿ! ಒಂದು ದಿನ ಕ್ಲಾಸು ತಪ್ಪಿಸಿದವರಲ್ಲ, ತಡವಾಗಿ ಬಂದವರಲ್ಲ, ಹೋಂವರ್ಕ್ ಮರೆತವರಲ್ಲ. ಇವರೊಂದು ದಿನವಾದರೂ ಬಾರದಿರಲಿ ಎಂದು ಪಾಠ ಮಾಡುವವಳೇ ಮನೆದೇವರಿಗೆ ಹರಕೆ ಹೊತ್ತುಕೊಂಡಿದ್ದು ನಮ್ಮ ಕಾಲೇಜಿನಲ್ಲಿ ಅದೇ ಮೊದಲಿರಬೇಕು.

ಮೊದಲಿಂದ ಹೇಳುತ್ತೇನೆ. ನಮ್ಮದು ಬಾಣಾವರ. ಮಾವನವರದೂ ನನ್ನ ಗಂಡನದೂ ಕೊಬ್ಬರಿ ವ್ಯಾಪಾರ. ನಾನು ದಿನಾ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ, ಅಲ್ಲಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಏನು ಅಂತ ಬಿಡಿಸಿ ಹೇಳಬೇಕೆ? ಕಾಫಿಯನ್ನೂ ಕೊಡದೆ, ಯಾವಾಗ ಹೊರಡ್ತೀರಿ ಅಂತ ಕೇಳುತ್ತಲೇ ಇರುವ ಮನೆಯ ಅತಿಥಿ. ನನ್ನ ಪಾಲಿಗೆ ಬಂದದ್ದು ಒಂದು ವರ್ಷದ ಹೊಸ ಡಿಪ್ಲೊಮಾ: ಮಾಹಿತಿ ವ್ಯವಸ್ಥೆ ನಿರ್ವಹಣೆ ಮತ್ತು ಆನ್‌ಲೈನ್ ವ್ಯಾಪಾರ. ಹೆಸರು ಕೇಳಿದವರೆಲ್ಲ ಒಳ್ಳೆಯದು ಒಳ್ಳೆಯದು ಎಂದು ತಲೆಯಾಡಿಸಿದರು. ಸೇರಿದವರು ಮಾತ್ರ ಕಡಿಮೆ.

ಅಡ್ಮಿಷನ್ ಮುಗಿಯುವ ಹಿಂದಿನ ದಿನ ಪ್ರಿನ್ಸಿಪಾಲರು ನನ್ನನ್ನು ಕರೆದರು.

"ಒಂದು ಸೀಟು ಕಮ್ಮಿ ಬಿದ್ದಿದೆ ಕಣ್ರೀ. ನಾಳೆ ತುಂಬದಿದ್ರೆ ಕೋರ್ಸು ಮುಚ್ಚಬೇಕಾಗುತ್ತೆ. ಆಮೇಲೆ ನಿಮಗೆ ಕೊಡೋಕೆ ನನ್ನ ಹತ್ರ ಬೇರೆ ಕ್ಲಾಸಿಲ್ಲ."

ಅವತ್ತು ಸಂಜೆ ಅಡುಗೆಮನೆಯಲ್ಲಿ ಇದನ್ನು ಗಂಡನ ಕಿವಿಯಲ್ಲಿ ಹೇಳಿಕೊಂಡು ಕಣ್ಣೊರೆಸಿಕೊಂಡೆ. ನಾನು ಅಂದುಕೊಂಡಷ್ಟು ಮೆಲ್ಲಗೆ ಹೇಳಿರಲಿಲ್ಲ ಅಂತ ಕಾಣುತ್ತದೆ. ಮರುದಿನ ಹೋಗಿ ನೋಡುತ್ತೇನೆ, ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ನಮ್ಮ ಅತ್ತೆ ನಿಂತಿದ್ದಾರೆ! ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದರು. ಮದುವೆಗೆ ಮುಂಚೆ ಪಾಸು ಮಾಡಿದ ಪಿಯುಸಿಯ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡಿದ್ದರು. ಪಿಯುಸಿ ಪಾಸಾದ ಯಾರು ಬೇಕಾದರೂ ಸೇರಬಹುದು, ವಯಸ್ಸಿನ ಮಿತಿ ಇಲ್ಲ ಎಂದು ನೋಟಿಸ್ ಬೋರ್ಡಿಗೆ ಬರೆಸಿ ಹಾಕಿದವಳು ನಾನೇ.

"ಅತ್ತೆ, ನೀವು ಇಲ್ಲಿ?"

"ನಂಗೂ ಕಲೀಬೇಕು ಅನ್ನಿಸ್ತು ಕಣಮ್ಮ. ಯಾಕೆ, ಬರಬಾರ್ದಾ?"

"ಹೂಂ ಅತ್ತೆ. ಬನ್ನಿ," ಎಂದೆ. ಇನ್ನೇನು ಹೇಳಲಿ?

ಕೋರ್ಸು ಉಳಿಯಿತು, ನನ್ನ ಕೆಲಸವೂ ಉಳಿಯಿತು. ಮಾನವೊಂದು ಉಳಿಯಲಿಲ್ಲ. ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, "ಬನ್ನಿ ಬನ್ನಿ, ಅತ್ತೆಯವರು ಆರೋಗ್ಯವಾಗಿದ್ದಾರಾ? ಅವರಿಗೆ ನೆಗಡಿ ಆದ್ರೆ ನಿಮ್ಮ ಡಿಪಾರ್ಟ್‌ಮೆಂಟಿಗೇ ಜ್ವರ ಬರುತ್ತಲ್ಲ," ಅನ್ನುವವರು. ನಾನು ನಕ್ಕ ಹಾಗೆ ಮಾಡಿ ಚಾಕ್‌ಪೀಸಿನ ಡಬ್ಬಿ ಹುಡುಕುತ್ತಿದ್ದೆ. ಅವರು ಬಿಟ್ಟರೆ ಕೋರ್ಸು ಹೋಗುತ್ತದೆ, ಬಂದರೆ ನನ್ನ ಮರ್ಯಾದೆ ಹೋಗುತ್ತದೆ. ಇಂಥ ಇಕ್ಕಟ್ಟು ಶತ್ರುವಿಗೂ ಬೇಡ.

ಮೊದಲ ಕ್ಲಾಸಿನಲ್ಲೇ ಫಜೀತಿ ಶುರುವಾಯಿತು. ನಾನು ಒಳಗೆ ಹೋದೆ, ಮೊದಲ ಬೆಂಚಿನಲ್ಲಿದ್ದ ಅತ್ತೆ ಎದ್ದು ನಿಂತು "ನಮಸ್ತೆ ಮೇಡಂ" ಎಂದರು. ನನ್ನ ಕೈ ತಂತಾನೇ ಸೆರಗಿನ ಕಡೆ ಹೋಯಿತು. ಹಾಜರಿ ತೆಗೆಯಲು ಶುರು ಮಾಡಿ ಕೊನೆಯ ಹೆಸರಿಗೆ ಬಂದೆ. ನಮ್ಮ ಕಡೆ ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವುದುಂಟೆ? ರೇಷನ್ ಅಂಗಡಿಯಲ್ಲಿ ಕೇಳಿದರೂ ನಾನು ಪಕ್ಕದವರಿಂದ ಹೇಳಿಸುವವಳು. ನಾಲಿಗೆ ಏಳಲಿಲ್ಲ. ಕೆಮ್ಮಿದೆ, ನೀರು ಕುಡಿದೆ, ಪೆನ್ನು ಬಿತ್ತೆಂದು ಬಗ್ಗಿದೆ. ಕೊನೆಗೆ "ಆಮೇಲೆ ಇವರು" ಎಂದು ಟಿಕ್ ಹಾಕಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಿಡಬೇಕಲ್ಲ? "ಮೇಡಂ, ಅವರ ಹೆಸರೇ ಕರೀಲಿಲ್ಲ ನೀವು," ಎಂದಳು.

ಮರುದಿನದಿಂದ ಎಲ್ಲರಿಗೂ ರೋಲ್ ನಂಬರ್ ಎಂದು ಘೋಷಿಸಿದೆ. ವರಾಂಡದಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಏನ್ರೀ ಇದು, ಜೈಲಲ್ಲಿ ಕೂಗಿದಂಗೆ ಕೂಗ್ತೀರಲ್ಲ? ಚಿಕ್ಕ ಕ್ಲಾಸು, ಹೆಸರು ಕರೀಬಾರ್ದಾ?" ಎಂದು ಎಲ್ಲರೆದುರಿಗೇ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅತ್ತೆ ಎದ್ದು, "ಪಾಪ, ನನ್ನ ಹೆಸರು ಹೇಳೋಕೆ ಅವರಿಗೆ ಬಾಯಿ ಬರಲ್ಲ ಸಾರ್. ನಾನು ಅವರ ಅತ್ತೆ," ಎಂದು ಬಿಡಿಸಿ ಹೇಳಿದರು. ಆವತ್ತಿನಿಂದ ಇಡೀ ಕ್ಲಾಸೇ ಅವರನ್ನು ಅತ್ತೆ ಎಂದು ಕರೆಯತೊಡಗಿತು. ಅತ್ತೆ ಇವತ್ತು ಟಿಫನ್ ಏನು, ಅತ್ತೆ ನೋಟ್ಸ್ ಕೊಡಿ, ಅತ್ತೆ ಮೇಡಂಗೆ ಹೇಳಿ ಟೆಸ್ಟು ಮುಂದಕ್ಕೆ ಹಾಕಿಸಿ.

ಅವರ ಶಿಸ್ತು ನೋಡಬೇಕಿತ್ತು. ಕಾಲೇಜಿನಲ್ಲಿ ನಾನು ಮೇಡಂ, ನೀವು, ತಾವು. ವಾಪಸು ಬರುವಾಗ ಬಸ್ಸಿನಲ್ಲೂ ಮೇಡಂ. "ಮೇಡಂ, ಕಿಟಕಿ ಹತ್ರ ಕೂತ್ಕೋತೀರಾ?" ಎಂದು ಎದ್ದು ಜಾಗ ಬಿಟ್ಟುಕೊಟ್ಟರೆ, ಊರಿನ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ಅತ್ತೆಯನ್ನು ಎಬ್ಬಿಸಿ ತಾನು ಕೂತಳಲ್ಲ ಎಂದು ಅವರಿಗೆ ಅನ್ನಿಸದೆ ಇರುತ್ತದೆಯೆ? ಬಾಣಾವರದಲ್ಲಿ ಕಾಲು ನೆಲಕ್ಕಿಟ್ಟ ಕೂಡಲೇ ಶಾಲೆ ಮುಗಿಯಿತು. "ನಡಿಯೇ ಬೇಗ, ಹಾಲು ಕಾಯಿಸ್ಬೇಕು," ಎಂದು ಮುಂದೆ ಹೊರಡುವರು. "ಹೂಂ ಅತ್ತೆ," ಎಂದು ನಾನು ಹಿಂದೆ.

ಪಾಠದ ವಿಷಯಕ್ಕೆ ಬರೋಣ. ಮಾಹಿತಿ ವ್ಯವಸ್ಥೆ ಎಂದರೇನು ಎಂದು ವಿವರಿಸುತ್ತಿದ್ದೆ. ದತ್ತಾಂಶ ಸಂಗ್ರಹಿಸಬೇಕು, ಅದನ್ನು ಸಂಸ್ಕರಿಸಬೇಕು, ತೀರ್ಮಾನ ಮಾಡುವವರಿಗೆ ಸಕಾಲದಲ್ಲಿ ಮುಟ್ಟಿಸಬೇಕು. ಯಾರಾದರೂ ಒಂದು ಉದಾಹರಣೆ ಕೊಡಿ ಎಂದೆ. ಹಾಗೆ ಕೇಳಬಾರದಿತ್ತು.

ಅತ್ತೆ ಕೈ ಎತ್ತಿದರು. "ಮೇಡಂ, ನಮ್ಮ ಮಗನಿಗೆ ಶುಗರ್ ಐತೆ. ಅವನು ದಿನಾ ಕದ್ದು ಬೇಕರಿಗೆ ಹೋಗಿ ಬೆಣ್ಣೆ ಬಿಸ್ಕತ್ತು ತಿಂತಾನೆ. ಬೇಕರಿ ಎದುರುಗಡೆ ಟೈಲರ್ ನೋಡ್ತಾನಲ್ಲ, ಅದು ಸಂಗ್ರಹ. ಟೈಲರ್ ತನ್ನ ಹೆಂಡ್ತಿಗೆ ಹೇಳ್ತಾನೆ, ಅವಳು ಎಷ್ಟು ತಿಂದ ಅಂತ ಸೇರಿಸ್ಕೊಂಡು ಹೇಳ್ತಾಳೆ, ಅದು ಸಂಸ್ಕರಣೆ. ಇವನು ಬಾಯಿ ಒರೆಸ್ಕೊಂಡು ಮನೆಗೆ ಬರೋದ್ರೊಳಗೆ ನನಗೆ ವರದಿ ಬಂದಿರುತ್ತೆ. ಅವತ್ತು ರಾತ್ರಿ ಅನ್ನ ಇಲ್ಲ, ಮುದ್ದೆ. ಅದು ತೀರ್ಮಾನ."

ಕ್ಲಾಸು ಚಪ್ಪಾಳೆ ತಟ್ಟಿತು. ಆ ಮಗ ಅಂದರೆ ಮೇಡಂ ಗಂಡ ಎಂದು ಗೊತ್ತಿಲ್ಲದವರು ಯಾರಿದ್ದರು? ಅದರ ಮುಂದಿನ ವಾರ ನನ್ನ ಗಂಡ ಯಾವುದೋ ಕೆಲಸಕ್ಕೆ ಅರಸೀಕೆರೆಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದಾಗ ಅತ್ತೆಯ ಫೋನಿನಲ್ಲಿ ಅವರ ಫೋಟೊ ನೋಡಿದ್ದ ನಮ್ಮ ಕ್ಲಾಸಿನ ಮೂವರು ಹುಡುಗಿಯರು ಹೋಗಿ, "ಸಾರ್, ಸಕ್ಕರೆ ಹಾಕಿಸ್ಕೊಂಡಿಲ್ಲ ತಾನೆ?" ಎಂದು ವಿಚಾರಿಸಿದರಂತೆ. ಗಂಡ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಪಾಠ ಮಾಡಿದ್ದು ನಾನಂತೆ, ತಪ್ಪು ನನ್ನದಂತೆ.

ಐಡಿ ಕಾರ್ಡಿನ ಕತೆ ಇನ್ನೊಂದು. ಕೊರಳಿನಲ್ಲಿ ತಾಳಿ, ಲಿಂಗದ ಬೆಳ್ಳಿ ಕರಡಿಗೆ, ಅವುಗಳ ಮೇಲೆ ನೀಲಿ ದಾರದ ಐಡಿ ಕಾರ್ಡು. ಅದನ್ನು ಅವರು ತೆಗೆಯುತ್ತಿದ್ದುದು ಸ್ನಾನಕ್ಕೆ ಮಾತ್ರ. ಬಸ್ಸು ಹೆಂಗಸರಿಗೆ ಹೇಗೂ ಉಚಿತ, ಆದರೂ ಕಂಡಕ್ಟರು ಬಂದರೆ ಕಾರ್ಡು ಎತ್ತಿ ತೋರಿಸಿ "ಸ್ಟೂಡೆಂಟು" ಅನ್ನಬೇಕು. ಗೆಂಡೆಹಳ್ಳಿಯಲ್ಲಿ ನೆಂಟರ ಮದುವೆಗೂ ಅದನ್ನು ಹಾಕಿಕೊಂಡೇ ಬಂದರು. ಮದುವೆ ಅಂದ ಮೇಲೆ ಬೀಗರು, ಸ್ವಾಮಿಗಳು, ಊರ ದೊಡ್ಡವರು ಎಲ್ಲ ಇರುತ್ತಾರಲ್ಲ. ಒಬ್ಬರನ್ನೂ ಬಿಡದೆ ನನ್ನನ್ನು ಎಳೆದುಕೊಂಡು ಹೋಗಿ, "ಇವರು ನಮ್ಮ ಮೇಡಮ್ಮು. ನನಗೆ ಪಾಠ ಮಾಡ್ತಾರೆ. ಹೋದ ಟೆಸ್ಟಲ್ಲಿ ನನ್ನ ಫೇಲ್ ಮಾಡವ್ರೆ," ಎಂದು ಪರಿಚಯ ಮಾಡಿಸಿದರು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತೆನ ಫೇಲ್ ಮಾಡಿದೋಳು ಇವಳೇನಾ?" ಎಂದು ಪಕ್ಕದವರನ್ನು ಕೇಳಿದರು. ಭೂಮಿ ಬಾಯಿ ಬಿಟ್ಟಿದ್ದರೆ ಹೋಳಿಗೆ ಎಲೆಯ ಸಮೇತ ಒಳಗೆ ಹೋಗಿಬಿಡುತ್ತಿದ್ದೆ.

ಫೇಲ್ ಮಾಡಿದ್ದೇನೋ ನಿಜ. ಆದರೆ ಅವರು ಬರೆದದ್ದನ್ನು ನೀವೂ ಓದಬೇಕು. ಪಾಸ್‌ವರ್ಡ್ ಹೇಗಿರಬೇಕು ಎಂಬ ಪ್ರಶ್ನೆಗೆ, "ಮನೆದೇವರ ಹೆಸರು ಇಡಬೇಕು, ಮನೆಮಂದಿಗೆಲ್ಲ ಒಂದೇ ಇರಬೇಕು, ಇಲ್ಲದಿದ್ದರೆ ಮನೆಯಲ್ಲಿ ಒಗ್ಗಟ್ಟು ಇರುವುದಿಲ್ಲ," ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಇದಕ್ಕೆ ಹೇಗೆ ಮಾರ್ಕ್ಸ್ ಕೊಡಲಿ? ಉತ್ತರಪತ್ರಿಕೆ ವಾಪಸು ಕೊಡುವಾಗ ಬೇರೆ ಕಡೆ ನೋಡುತ್ತಾ ಅವರತ್ತ ಚಾಚಿದೆ. ಅವರು ಮಾತ್ರ ನೆಮ್ಮದಿಯಾಗಿ ಇಸಿದುಕೊಂಡು, "ಥ್ಯಾಂಕ್ಸ್ ಮೇಡಂ," ಎಂದು ಮಡಚಿಟ್ಟುಕೊಂಡರು.

ಆನ್‌ಲೈನ್ ವ್ಯಾಪಾರದ ಭಾಗವಾಗಿ ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ದೇವಸ್ಥಾನದ ಹತ್ತಿರ ಕಲ್ಲಿನ ಸಣ್ಣ ವಿಗ್ರಹ ಮಾರುವ ಒಬ್ಬಾತ ಫೋನಿನಲ್ಲೂ ವ್ಯಾಪಾರ ಮಾಡುತ್ತಾನೆ, ಅವನನ್ನು ಮಾತಾಡಿಸುವುದು ನನ್ನ ಯೋಚನೆ. ವಿದ್ಯಾರ್ಥಿಗಳು ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದರು. ಅತ್ತೆಗೆ ಅಂಗಡಿಯಲ್ಲಿದ್ದ ಒಂದು ಕಲ್ಲಿನ ಆನೆಮರಿ ಕಣ್ಣಿಗೆ ಬಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಹಿರಿಯರೆಲ್ಲ ಕೊಬ್ಬರಿಯ ಬೆಲೆಯನ್ನು ಬಾಯಲ್ಲಿ ಆಡಿದವರಲ್ಲ. ಕೊಳ್ಳುವವರೂ ಮಾರುವವರೂ ಟವೆಲಿನ ಕೆಳಗೆ ಕೈ ಕೈ ಹಿಡಿದುಕೊಂಡು, ಬೆರಳು ಒತ್ತಿ ಒತ್ತಿ ಬೆಲೆ ಕುದುರಿಸುವುದು ಅವರ ಪದ್ಧತಿ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಗಂಡಸರ ಈ ವ್ಯವಹಾರವನ್ನು ಅತ್ತೆ ಬಾಗಿಲ ಸಂದಿಯಿಂದ ಎಷ್ಟು ವರ್ಷ ನೋಡಿದ್ದರೋ! ಸೆರಗನ್ನು ಮುಂಗೈ ಮೇಲೆ ಇಳಿಬಿಟ್ಟು, ಅದರ ಕೆಳಗೆ ಅಂಗಡಿಯವನ ಕೈ ಹಿಡಿದುಕೊಂಡು ಬೆರಳು ಒತ್ತತೊಡಗಿದರು.

ಅವನು ಬೆವತುಹೋದ. "ಅಜ್ಜೀಗೆ ತಲೆ ಸುತ್ತು ಬಂದೈತೆ, ಯಾರಾದ್ರೂ ನೀರು ತಗೊಂಬನ್ರೋ," ಎಂದು ಕೂಗಿದ. ಪ್ರವಾಸಿಗಳು ಗುಂಪುಗೂಡಿದರು. ಯಾರೋ ಸ್ಟೂಲು ತಂದು ಕೂರಿಸಿದರು, ಇನ್ಯಾರೋ ಪುಸ್ತಕದಿಂದ ಗಾಳಿ ಬೀಸಿದರು. ಅತ್ತೆ ಮಾತ್ರ ಕೈ ಬಿಡದೆ ಒತ್ತುತ್ತಲೇ ಇದ್ದರು.

"ಬೆರಳು ಹಿಡಿಯೋಕೆ ಬರದೋನು ವ್ಯಾಪಾರಕ್ಕೆ ಯಾಕಪ್ಪಾ ಕೂತೆ?" ಎಂದು ಕೊನೆಗೆ ಕೈ ಕೊಡವಿಕೊಂಡು ಎದ್ದರು.

ಇವರು ಯಾರ ಕಡೆಯವರು ಎಂದು ಗುಂಪಿನಲ್ಲಿ ಯಾರೋ ಕೇಳಿದಾಗ ನಾನು ಬಸದಿಯ ದಾರಿ ಹಿಡಿದಾಗಿತ್ತು. ಸಂಜೆ ಬೇಲೂರಿನ ಹೋಟೆಲಿನಲ್ಲಿ ವಿದ್ಯಾರ್ಥಿಗಳು ಸಪ್ಲೈಯರ್ ಕೈಯನ್ನು ಕರ್ಚೀಫಿನ ಕೆಳಗೆ ಹಿಡಿದು ಮಸಾಲೆ ದೋಸೆ ಹೇಳಲು ಹೊರಟರು. ಹೊಡೆಸಿಕೊಳ್ಳದೆ ಹೊರಗೆ ಬಂದದ್ದು ನಮ್ಮ ಪುಣ್ಯ.

ಕೊನೆಯದು ಪ್ರಾಜೆಕ್ಟು. ಒಬ್ಬೊಬ್ಬರೂ ಒಂದು ಆನ್‌ಲೈನ್ ಅಂಗಡಿ ತೆರೆದು ನಡೆಸಿ ತೋರಿಸಬೇಕು. ಅತ್ತೆಯದು ಕೊಬ್ಬರಿ ಅಂಗಡಿ. ಫೋಟೊಗಳು ಚೆನ್ನಾಗಿದ್ದವು. ಬೆಲೆ ಮಾತ್ರ ಎಲ್ಲೂ ಇಲ್ಲ.

"ಬೆಲೆ ಹಾಕಿಲ್ವಲ್ಲ?" ಎಂದು ಲ್ಯಾಬಿನಲ್ಲಿ ಕೇಳಿದೆ.

"ಊರಿಗೆಲ್ಲ ಕಾಣೋ ಹಂಗೆ ಬರೆದ್ರೆ ಮರ್ವಾದೆ ಏನುಳೀತು ಮೇಡಂ? ಬೇಕಾದೋರು ಕೇಳ್ತಾರೆ."

ಕೇಳುವವರು ತುಂಬಬೇಕಾದ ವಿವರಗಳೋ: ಊರು ಯಾವುದು, ಯಾರ ಪೈಕಿ, ಮನೆದೇವರು ಯಾರು, ಕೊಬ್ಬರಿ ಏನಕ್ಕೆ. ಇಷ್ಟೆಲ್ಲ ತುಂಬಿ ಒಬ್ಬಳೇ ಒಬ್ಬಳು ಗಿರಾಕಿ ಬಂದಳು, ಬೆಂಗಳೂರಿನ ಹೆಣ್ಣುಮಗಳು, ತಂಗಿಯ ಸೀಮಂತಕ್ಕೆ ಕೊಬ್ಬರಿ ಬೇಕಿತ್ತು. ಅತ್ತೆ ಫೋನು ಮಾಡಿದರು. ಬಸುರಿಗೆ ಎಷ್ಟನೇ ತಿಂಗಳು, ವಾಂತಿ ನಿಂತಿತಾ, ಏನು ತಿನ್ನಿಸುತ್ತಿದ್ದೀರಿ, ಎಲ್ಲ ವಿಚಾರಿಸಿದರು. ಕೊನೆಗೆ, "ಇಷ್ಟು ದೂರದಿಂದ ಯಾಕವ್ವ ತರಿಸ್ತೀಯ? ಪಾರ್ಸಲ್ ಬರೋದ್ರೊಳಗೆ ಶಾಸ್ತ್ರ ಮುಗಿದಿರುತ್ತೆ. ನಿಮ್ಮ ಬೀದೀಲೇ ಸಿಗುತ್ತೆ, ನೋಡಿ ತಗೋ," ಎಂದು ಹೇಳಿ ಇಟ್ಟರು. ಇದ್ದ ಒಂದು ವ್ಯಾಪಾರ ಹೋಯಿತು, ಸೀಮಂತದ ಕರೆಯೋಲೆ ಬಂತು.

ಇಷ್ಟರ ಮಧ್ಯೆ ಯಾರೋ ಪುಣ್ಯಾತ್ಮರು, ಆ ಕೋರ್ಸಿನಲ್ಲಿ ಸೀಟು ತುಂಬಿಸಲು ಮನೆಯವರನ್ನು ಸೇರಿಸಿಕೊಂಡಿದ್ದಾರೆ ಎಂದು ಮೇಲಿನವರ ಕಿವಿಗೆ ಹಾಕಿದ್ದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಗಂಭೀರ ಮುಖದವರು. ಅವರು ಒಂದು ಸಾಲು ಕೆಟ್ಟದಾಗಿ ಬರೆದರೆ ಕೋರ್ಸಿಗೆ ಮುಂದಿನ ವರ್ಷವಿಲ್ಲ, ನನಗೂ ಇಲ್ಲ. ಬೆಳಗಿನಿಂದ ನನಗೆ ಊಟ ತಿಂಡಿ ಸೇರಿರಲಿಲ್ಲ. ಅತ್ತೆಗೆ ಹೀಗೆ ಹೇಳಿ ಎಂದು ಹೇಳಿಕೊಡೋಣ ಎಂದರೆ, ಕ್ಲಾಸಿನ ಹೊರಗೆ ಅವರಿಗೆ ಏನನ್ನೂ ಹೇಳಿಕೊಟ್ಟು ನನಗೆ ಗೊತ್ತಿಲ್ಲ.

ಅತ್ತೆ ಒಳಗೆ ಬಂದು ಕೈಮುಗಿದರು. ಪರೀಕ್ಷಕರ ಪಕ್ಕದಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕ ನಾನು. ಪರೀಕ್ಷಕರು ಕಂಪ್ಯೂಟರಿನಲ್ಲಿ ಕೊಬ್ಬರಿ ಅಂಗಡಿಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ಬೆಲೆ ಹುಡುಕಿದರು. ಸಿಗಲಿಲ್ಲ. ಕನ್ನಡಕ ತೆಗೆದಿಟ್ಟು ನೇರವಾಗಿ ಕೇಳಿದರು.

"ನಿಜ ಹೇಳೀಮ್ಮ. ನೀವು ಇಲ್ಲಿ ಸೇರಿದ್ದು ಸೀಟು ತುಂಬಿಸೋಕೆ ಅಲ್ವಾ?"

ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೌದು ಸಾರ್, ಸೇರಿದ್ದು ಅದಕ್ಕೇಯ," ಎಂದರು ಅತ್ತೆ. "ಹುಡುಗಿ ಅಡುಗೆಮನೇಲಿ ಅಳ್ತಾ ಇದ್ಲು. ಹೆಸರು ಬರೆಸಿ, ಎರಡು ದಿನ ಬಂದು, ಮಂಡಿನೋವು ಅಂತ ಬಿಟ್ಟುಬಿಡಾನ ಅಂತಿದ್ದೆ."

"ಮತ್ತೆ ಬಿಡಲಿಲ್ವಲ್ಲ?"

"ಬಿಡೋಕಾಗಲಿಲ್ಲ." ಅತ್ತೆ ಐಡಿ ಕಾರ್ಡಿನ ದಾರ ಹಿಡಿದುಕೊಂಡರು. "ಇವಳು ನಮ್ಮನೆಗೆ ಬಂದು ವರ್ಷಗಳಾದ್ವು ಸಾರ್. ನನ್ನ ಹತ್ರ ಆಡೋದು ಹೂಂ ಅತ್ತೆ, ಆಯ್ತು ಅತ್ತೆ, ಅಷ್ಟೇಯ. ಕೋಪ ಐತೋ, ಹೆದರಿಕೆನೋ, ಊಟ ಸೇರಲಿಲ್ವೋ, ಒಂದೂ ತಿಳಿಯಲ್ಲ. ನನಗೆ ಹೆಣ್ಣುಮಕ್ಕಳಿಲ್ಲ. ಗಂಡಸರಿಬ್ಬರೂ ಕೊಬ್ಬರಿ ಬಿಟ್ಟು ಬೇರೆ ಮಾತಾಡಲ್ಲ. ಇಲ್ಲಿಗೆ ಬಂದು ನೋಡ್ತೀನಿ, ಗಂಟೆಗಟ್ಟಲೆ ಮಾತಾಡ್ತಾಳೆ. ನಗ್ತಾಳೆ, ತಮಾಷೆ ಮಾಡ್ತಾಳೆ, ಯಾರಾದ್ರೂ ತಪ್ಪು ಹೇಳಿದ್ರೆ ಜಗಳಕ್ಕೇ ಬರ್ತಾಳೆ. ಪಾಠ ನನಗೆ ಅರ್ಧನೂ ಅರ್ಥ ಆಗಲ್ಲ ಸಾರ್. ಇವಳ ಮಾತು ಕೇಳೋಕೆ ಬತ್ತೀನಿ."

ಪರೀಕ್ಷಕರು ಕನ್ನಡಕ ಹಾಕಿಕೊಂಡು, "ಇನ್ನೊಂದ್ಸಲ ಅಂಗಡಿ ತೆಗೆದ್ರೆ ಬೆಲೆ ಹಾಕೀಮ್ಮ," ಎಂದು ಪಾಸಾಗುವಷ್ಟು ಮಾರ್ಕ್ಸ್ ಬರೆದು ಸಹಿ ಮಾಡಿದರು. ಕೋರ್ಸಿನ ಬಗ್ಗೆ ಕೆಟ್ಟದ್ದೇನೂ ಬರೆಯಲಿಲ್ಲ.

ನನ್ನ ಮದುವೆಯಲ್ಲಿ ಅಮ್ಮ ಕಾರು ಹತ್ತಿಸುವಾಗ, ಅತ್ತೆಯ ಎದುರಿಗೆ ಬಾಯಿ ಮಾಡಬೇಡ ಎಂದು ಹೇಳಿ ಕಳಿಸಿದ್ದಳು. ಹೇಳಿದ ಮಾತು ನಡೆಸಿಕೊಂಡು ಬರುತ್ತಿದ್ದೇನೆ, ಎಂಥ ಒಳ್ಳೆಯ ಸೊಸೆ ನಾನು ಎಂದು ಜಂಬವೂ ಇತ್ತು. ನನ್ನ ಹೂಂ ಅತ್ತೆಯನ್ನು ಅವರು ಹೀಗೆ ಕೇಳಿಸಿಕೊಂಡಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ವರ್ಷವೆಲ್ಲ ಅವರಿಂದ ನನಗೆ ನಾಚಿಕೆ ಅಂದುಕೊಂಡಿದ್ದೆ. ಅವತ್ತು ಬಸ್ಸಿನಲ್ಲಿ ಅವರ ಪಕ್ಕ ಕೂತು ನಾಚಿಕೆಪಟ್ಟಿದ್ದು ನನ್ನ ಬಗ್ಗೆ. ಆಗಲೂ ಬಾಯಿಗೆ ಮಾತು ಬರಲಿಲ್ಲ. ಇನ್ನು ನಾಳೆಯಿಂದ ಕ್ಲಾಸಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ಕಾಫಿ ಲೋಟ ನನ್ನ ಕೈಗಿತ್ತರು. ಬೆಲ್ಲದ ಕಾಫಿ. ನಮ್ಮ ಮನೆಯಲ್ಲಿ ಅದೇ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಅತ್ತೆ, ನನಗೆ ಬೆಲ್ಲದ ಕಾಫಿ ಸೇರಲ್ಲ."

ಅತ್ತೆ ಒಲೆ ಸಣ್ಣಗೆ ಮಾಡಿ ತಿರುಗಿದರು. "ಮದುವೆಯಾದಾಗಿಂದ ಕುಡೀತಿದ್ಯಲ್ಲೇ?"

"ಕುಡೀತಿದ್ದೆ. ಆದ್ರೆ ಸೇರಲ್ಲ."

ಬೈಯುತ್ತಾರೆ ಅಂದುಕೊಂಡು ಮುಖ ನೋಡಿದೆ. ಕಣ್ಣು ತುಂಬಿಕೊಂಡು ನಗುತ್ತಿದ್ದರು. ಗೋಡೆಗೆ ಒರಗಿಸಿದ್ದ ಮಣೆ ತೆಗೆದು ನನ್ನ ಕಡೆ ತಳ್ಳಿ, ತಾವೂ ಎದುರಿಗೆ ಕೂತರು.

"ಇನ್ನೇನೇನ್ ಸೇರಲ್ಲ," ಎಂದರು, "ಕೂತ್ಕೊಂಡು ಎಲ್ಲಾ ಹೇಳು."